ಒಂದು ಗಂಟೆ ನಡೆದರೆ ಎಷ್ಟು ಕರಗೀತು?

ಮೈ ಇಳಿಸಬೇಕೆಂದು ಹೊರಟವರಿಗೆ ಈಗ ಕೈಗಡಿಯಾರವೇ ಶಾನುಭೋಗ. ಕುಮಟೆಯ ಹೆಡ್‌ಬಂದರದ ದಂಡೆಯಲ್ಲಿಯೋ, ಹೊನ್ನಾವರದ ಹೊಳೆಯಾಚೆಯ ಕಾಸರಕೋಡಿನಲ್ಲಿಯೋ, ಭಟ್ಕಳದ ಜಾಲಿಯ ತೀರದಲ್ಲಿಯೋ ಒಂದು ಗಂಟೆ ನಡೆದು ಮಣಿಕಟ್ಟನ್ನು ನೋಡಿಕೊಂಡರೆ, ‘ಇಂದು ಇಷ್ಟು ಕ್ಯಾಲೊರಿ ಖರ್ಚಾಯಿತು’ ಎಂದು ಅದು ಲೆಕ್ಕ ಒಪ್ಪಿಸುತ್ತದೆ. ಲೆಕ್ಕ ಕೈಗೆ ಬಂದಮೇಲೆ, ಗಳಿಸಿದ್ದನ್ನು ಖರ್ಚು ಮಾಡುವ ಹಕ್ಕೂ ಬಂದಂತೆ ನಮಗೆ ತೋರುತ್ತದೆ. ಮನೆಗೆ ಬಂದು ಎರಡು ತೆಳ್ಳೇವು ಹೆಚ್ಚಿಗೆ ಹಾಕಿಸಿಕೊಳ್ಳುತ್ತೇವೆ. ತಿಂಗಳಾದರೂ ತೂಕ ಇಳಿಯದಿದ್ದಾಗ ಬೇಸರಪಟ್ಟು ನಡಿಗೆಯನ್ನೇ ಬಿಡುವವರು ಬಹಳ ಜನ. ಆ ಅಂಕಿ ಎಲ್ಲಿಂದ ಹುಟ್ಟುತ್ತದೆ, ಅದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ಸ್ವಲ್ಪ ಸಾವಧಾನವಾಗಿ ವಿಚಾರಿಸೋಣ.

ಕ್ಯಾಲೊರಿ ಎಂಬ ಮಾತಿನ ಮೂಲ ಲ್ಯಾಟಿನ್ ಭಾಷೆಯಲ್ಲಿದೆ. ಅಲ್ಲಿ ಅದಕ್ಕೆ ಶಾಖವೆಂದು ಅರ್ಥ. ಒಂದು ಕಿಲೋಗ್ರಾಂ ನೀರನ್ನು ಒಂದು ಡಿಗ್ರಿಯಷ್ಟು ಬಿಸಿ ಮಾಡಲು ಬೇಕಾಗುವ ಶಾಖವೇ ಆಹಾರದ ಮಾತಿನಲ್ಲಿ ನಾವು ಹೇಳುವ ಒಂದು ಕ್ಯಾಲೊರಿ. ನಮ್ಮ ಹಿರಿಯರು ಜಠರಾಗ್ನಿ ಎಂದಾಗ ದೇಹದೊಳಗೆ ಬೆಂಕಿಯನ್ನು ಕಂಡಿದ್ದರಷ್ಟೆ. ಫ್ರಾನ್ಸ್ ದೇಶದ ಲವೋಸಿಯೆ ಮತ್ತು ಲಾಪ್ಲಾಸ್ ಎಂಬ ವಿದ್ವಾಂಸರು ೧೭೮೦ರ ದಶಕದಲ್ಲಿ ಆ ಬೆಂಕಿಯನ್ನು ಅಳೆದೇಬಿಟ್ಟರು. ಗಿನಿಪಿಗ್ ಎಂಬ ಸಣ್ಣ ಪ್ರಾಣಿಯನ್ನು ಮಂಜುಗಡ್ಡೆ ಸುತ್ತುವರಿದ ಪಾತ್ರೆಯಲ್ಲಿಟ್ಟು, ಅದರ ಮೈಶಾಖಕ್ಕೆ ಎಷ್ಟು ಮಂಜು ಕರಗಿತೆಂದು ತೂಗಿದರು. ಮುಂದೆ ೧೮೯೦ರ ದಶಕದಲ್ಲಿ ಅಮೇರಿಕೆಯ ಆಟ್‌ವಾಟರ್ ಎಂಬವರು ಮನುಷ್ಯರನ್ನೇ ಮುಚ್ಚಿದ ಕೋಣೆಯೊಂದರಲ್ಲಿ ದಿನಗಟ್ಟಲೆ ಇರಿಸಿ ಅವರಿಂದ ಹೊರಟ ಶಾಖವನ್ನು ಅಳೆದರು. ಇದು ನಿಜವಾದ ಅಳತೆ. ನಮ್ಮ ನಿಮ್ಮ ಕೈಗಡಿಯಾರ ಮಾಡುವುದು ಅಳತೆಯಲ್ಲ, ಅಂದಾಜು.

ಅಂದಾಜಿಗೂ ಒಂದು ಕ್ರಮವುಂಟು. ಸುಮ್ಮನೆ ಕುಳಿತವನ ಖರ್ಚನ್ನು ೧ ಎಂದು ಇಟ್ಟುಕೊಂಡು, ಪ್ರತಿಯೊಂದು ಕೆಲಸಕ್ಕೂ ಅದರ ಎಷ್ಟು ಪಟ್ಟು ಬೇಕೆಂದು ಪಟ್ಟಿ ಮಾಡಿದ್ದಾರೆ. ಈ ಮಾನಕ್ಕೆ ಮೆಟ್ ಎಂದು ಹೆಸರು. ವಿಸ್ತಾರವಾದ ಪಟ್ಟಿ ೧೯೯೩ರಲ್ಲಿ ಪ್ರಕಟವಾಗಿ, ಆಮೇಲೆ ಹಲವು ಸಲ ಪರಿಷ್ಕಾರಗೊಂಡಿದೆ. ಗಂಟೆಗೆ ಸುಮಾರು ೫ ಕಿಲೋಮೀಟರ್ ವೇಗದ ನಡಿಗೆಗೆ ಅದರಲ್ಲಿ ೩.೫ ಮೆಟ್. ಇದನ್ನು ನಿಮ್ಮ ತೂಕದ ಕಿಲೋಗ್ರಾಮಿನಿಂದಲೂ, ನಡೆದ ಗಂಟೆಯಿಂದಲೂ ಗುಣಿಸಿದರೆ ಕ್ಯಾಲೊರಿ ದೊರೆಯುತ್ತದೆ. ೭೦ ಕಿಲೋ ತೂಗುವವರು ಒಂದು ಗಂಟೆ ನಡೆದರೆ ೨೪೫.

ಇಲ್ಲಿಯೇ ಮೊದಲನೆಯ ಮೋಸ. ಆ ಒಂದು ಗಂಟೆ ನೀವು ಜಗಲಿಯ ಮೇಲೆ ಕುಳಿತು ರೇಡಿಯೊ ಕೇಳುತ್ತಿದ್ದರೂ ೭೦ ಕ್ಯಾಲೊರಿ ಖರ್ಚಾಗುತ್ತಲೇ ಇತ್ತು. ಅದನ್ನು ನಡಿಗೆಯ ಖಾತೆಗೆ ಬರೆಯುವಂತಿಲ್ಲ. ಕಳೆದರೆ ಉಳಿಯುವುದು ೧೭೫. ಈ ೧೭೫ ಕ್ಯಾಲೊರಿಯಿಂದ ಎರಡು ಲೀಟರಿಗೂ ಮಿಕ್ಕಿದ ತಣ್ಣೀರನ್ನು ಕುದಿಯುವವರೆಗೆ ಕಾಯಿಸಬಹುದು, ಅಲ್ಪವೇನೂ ಅಲ್ಲ. ಆದರೆ ಮೈಯ ಕೊಬ್ಬು ಬಲು ಘನವಾದ ಉರುವಲು. ಒಂದು ಕಿಲೋ ಮೈಕೊಬ್ಬಿನಲ್ಲಿ ಹತ್ತಿರ ಹತ್ತಿರ ೭೭೦೦ ಕ್ಯಾಲೊರಿ ಅಡಗಿರುತ್ತದೆ. ಹಾಗಾಗಿ ಒಂದು ಗಂಟೆಯ ನಡಿಗೆಯಿಂದ ಕರಗತಕ್ಕದ್ದು ಸುಮಾರು ೨೩ ಗ್ರಾಂ. ತಿಂಗಳಿಡೀ ಒಂದು ದಿನವೂ ತಪ್ಪದೆ ನಡೆದು, ಊಟದಲ್ಲಿ ಒಂದು ತುತ್ತೂ ಹೆಚ್ಚಿಸದಿದ್ದರೆ ಅರವತ್ತು ತೊಲೆಗಿಂತ ಕಡಮೆ, ಎಂದರೆ ೬೮೦ ಗ್ರಾಮಿನಷ್ಟು.

ಅದೇ ೧೭೫ ಕ್ಯಾಲೊರಿ ತಿರುಗಿ ಬರಲು ಎಷ್ಟು ಹೊತ್ತು ಬೇಕು? ನಮ್ಮ ಕರಾವಳಿಯ ಅಡಿಗೆಮನೆಯಲ್ಲಿ ಅರ್ಧ ನಿಮಿಷ ಸಾಕು. ೫೦ ಗ್ರಾಂ ಹಸಿ ಕಾಯಿತುರಿಯಲ್ಲಿ ಹೆಚ್ಚುಕಡಮೆ ಅಷ್ಟೇ ಇದೆ. ಒಗ್ಗರಣೆಯ ದೊಡ್ಡ ಚಮಚ ಕೊಬ್ಬರಿ ಎಣ್ಣೆಯೊಂದರಲ್ಲಿಯೇ ೧೨೦ರ ಆಸುಪಾಸು. ತೆಂಗನ್ನು ದೂರುತ್ತೇನೆಂದು ತಿಳಿಯಬೇಡಿ. ಕಾಯಿ ಇಲ್ಲದ ಸಾರನ್ನು ಮೆಚ್ಚುವ ಜಾಯಮಾನ ನನ್ನದಲ್ಲ. ಗಂಟೆಯ ಬೆವರೂ ಹಿಡಿ ತುರಿಯೂ ತಕ್ಕಡಿಯಲ್ಲಿ ಸಮ ತೂಗುತ್ತವೆಂಬುದನ್ನು ಬಡಿಸುವವರೂ ಉಣ್ಣುವವರೂ ಅರಿತಿದ್ದರೆ ಲೇಸು.

ಏರುವುದರ ಲೆಕ್ಕ ಇನ್ನೂ ಸೋಜಿಗದ್ದು. ಮುರ್ಡೇಶ್ವರದ ಇಪ್ಪತ್ತು ಅಂತಸ್ತಿನ ರಾಜಗೋಪುರಕ್ಕೆ ಲಿಫ್ಟ್ ಇದೆ. ಅದನ್ನು ಬಿಟ್ಟು ಮೆಟ್ಟಿಲಿನಿಂದಲೇ ೭೦ ಮೀಟರ್ ಏರಿದಿರೆಂದು ಭಾವಿಸೋಣ. ಸ್ನಾಯುಗಳು ಉರಿಸಿದ ಶಕ್ತಿಯಲ್ಲಿ ಸುಮಾರು ಕಾಲುಭಾಗ ಮಾತ್ರ ಮೈಯನ್ನು ಎತ್ತುವ ಕೆಲಸಕ್ಕೆ ಒದಗುತ್ತದೆ, ಉಳಿದದ್ದು ಶಾಖ. ಅದನ್ನೆಲ್ಲ ಸೇರಿಸಿದರೂ ೭೦ ಕಿಲೋ ಮನುಷ್ಯನಿಗೆ ಖರ್ಚು ೪೬ ಕ್ಯಾಲೊರಿಯಷ್ಟೆ! ಕೆಳಗಿಳಿದು ಕುಡಿಯುವ ಚಹದಲ್ಲಿನ ಎರಡು ಚಮಚ ಸಕ್ಕರೆಯೇ ೪೦ ಆಗುತ್ತದೆ. ಎದೆ ಡವಗುಟ್ಟಿತು, ಕಾಲು ನಡುಗಿತು, ಆದುದರಿಂದ ಬಹಳ ಕರಗಿರಬೇಕು ಎಂಬ ಊಹೆ ಸಲ್ಲದು. ಆಯಾಸ ಬೇರೆ, ಖರ್ಚು ಬೇರೆ.

ಬೆವರಿನ ವಿಷಯವೂ ಹೀಗೆಯೇ. ನಮ್ಮ ಹವೆಯಲ್ಲಿ ತೇವ ಹೆಚ್ಚು. ಬೆವರು ಆರುವುದಿಲ್ಲ, ಮೈಯಿಂದ ಸುರಿಯುತ್ತದೆ. ಘಟ್ಟದ ಮೇಲಿನ ಶಿರಸಿಯಲ್ಲಿ ಅಷ್ಟೇ ದೂರ ನಡೆದವನ ಅಂಗಿ ಒಣಗಿಯೇ ಇದ್ದೀತು. ಕರಗಿದ್ದು ಇಬ್ಬರಿಗೂ ಒಂದೇ. ರಾತ್ರಿಯಿಡೀ ವೇಷ ಕಟ್ಟಿ ಕುಣಿದ ಯಕ್ಷಗಾನದ ಕಲಾವಿದರು ಬೆಳಗ್ಗೆ ತೂಗಿ ನೋಡಿದರೆ ತೂಕ ಇಳಿದಿರುವುದು ಸಹಜ. ಅದರಲ್ಲಿ ಬಹುಪಾಲು ನೀರು, ಎರಡು ತಂಬಿಗೆ ಕುಡಿದರೆ ತಿರುಗಿ ಬಂದಿತು. ಸುಶ್ರುತ ಸಂಹಿತೆಯಲ್ಲಿ ವ್ಯಾಯಾಮವನ್ನು ಅರ್ಧ ಬಲದಷ್ಟು ಮಾಡಬೇಕೆಂದು ವಿಧಿಸಿ, ಉಸಿರು ಬಾಯಿಗೆ ಬರುವುದನ್ನು ಅದರ ಗುರುತಾಗಿ ಹೇಳಿದೆ. ಅದು ಎಲ್ಲಿ ನಿಲ್ಲಬೇಕೆಂಬುದರ ಗುರುತು, ಎಷ್ಟು ಕರಗಿತೆಂಬುದರದ್ದಲ್ಲ.

ನೆಲದ ಗುಣ ಮಾತ್ರ ಲೆಕ್ಕವನ್ನು ನಿಜವಾಗಿ ಬದಲಿಸುತ್ತದೆ. ಕಾಲು ಹೂಳುವ ಒಣ ಮರಳಿನಲ್ಲಿ ನಡೆದರೆ ಗಟ್ಟಿ ನೆಲಕ್ಕಿಂತ ಎರಡು ಪಟ್ಟಿಗೂ ಮೇಲ್ಪಟ್ಟು ಶಕ್ತಿ ಬೇಕೆಂದು ೧೯೯೮ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿದೆ. ಇಳಿತದ ಹೊತ್ತಿನಲ್ಲಿ ನೀರಂಚಿನ ಹಸಿ ಮರಳು ರಸ್ತೆಯಷ್ಟೇ ಗಟ್ಟಿಯಾಗಿರುತ್ತದೆ. ಇವೆರಡರ ಭೇದವನ್ನು ನಿಮ್ಮ ಮೊಣಕಾಲು ಬಲ್ಲದು, ಹೆಜ್ಜೆ ಎಣಿಸುವ ಯಂತ್ರ ಅರಿಯದು. ಮೊಣಕಾಲು ನೋವಿದ್ದವರು ಹಸಿ ಮರಳನ್ನೇ ಹಿಡಿಯುವುದು ಕ್ಷೇಮ.

ಕೈಗಡಿಯಾರಗಳ ಯೋಗ್ಯತೆಯನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ೨೦೧೭ರಲ್ಲಿ ಪರೀಕ್ಷಿಸಿದರು. ಏಳು ಬಗೆಯ ಸಾಧನಗಳಲ್ಲಿ ಹೆಚ್ಚಿನವು ಎದೆಬಡಿತವನ್ನು ಚೆನ್ನಾಗಿಯೇ ಎಣಿಸಿದವು. ಕ್ಯಾಲೊರಿಯಲ್ಲಿ ಮಾತ್ರ ಎಲ್ಲಕ್ಕಿಂತ ಉತ್ತಮವಾದದ್ದೂ ಸರಾಸರಿ ನೂರಕ್ಕೆ ೨೭ರಷ್ಟು ತಪ್ಪಿತು, ಕನಿಷ್ಠವಾದದ್ದು ೯೩ರಷ್ಟು. ಮೆಟ್ ಪಟ್ಟಿಯೂ ನಿರ್ದೋಷವಲ್ಲ. ವಯಸ್ಸಾದವರ, ಕೊಬ್ಬು ಹೆಚ್ಚಿರುವವರ ಮೈ ಸುಮ್ಮನಿರುವಾಗ ಪಟ್ಟಿಯವರು ಎಣಿಸಿದ್ದಕ್ಕಿಂತ ಕಡಮೆ ಉರಿಸುತ್ತದೆ. ತೂಕ ಇಳಿಸಬೇಕಾದವರು ಬಹುಮಟ್ಟಿಗೆ ಇವರೇ ತಾನೆ?

ಮನೆಯ ಹೆಂಗಸರ ದುಡಿಮೆಯನ್ನಂತೂ ‘ವ್ಯಾಯಾಮ’ದ ಖಾತೆಯಲ್ಲಿ ಯಾರೂ ಬರೆಯುವುದಿಲ್ಲ. ಕಸ ಗುಡಿಸುವುದಕ್ಕೆ ಅದೇ ಪಟ್ಟಿಯಲ್ಲಿ ೩.೩ ಮೆಟ್ ಇದೆ. ನಡಿಗೆಗೂ ಅದಕ್ಕೂ ಇರುವುದು ಕೂದಲೆಳೆಯ ಅಂತರ. ೫೫ ಕಿಲೋ ತೂಗುವ ತಾಯಿ ಅರ್ಧ ಗಂಟೆ ಮನೆ, ಅಂಗಳ ಗುಡಿಸಿದರೆ ಕುಳಿತಿದ್ದಾಗಿನದನ್ನು ಕಳೆದೂ ೬೩ ಕ್ಯಾಲೊರಿ. ‘ಅಮ್ಮ, ನೀನು ಏನೂ ವ್ಯಾಯಾಮ ಮಾಡುವುದಿಲ್ಲ’ ಎನ್ನುವ ಮಕ್ಕಳು ಪೊರಕೆ ಹಿಡಿದು ನೋಡಲಿ.

ಇನ್ನೊಂದು ಸೂಕ್ಷ್ಮವಿದೆ. ಬೆಳಗ್ಗೆ ಹೆಚ್ಚು ಖರ್ಚು ಮಾಡಿದ ದೇಹ ಮಧ್ಯಾಹ್ನ ಜಿಪುಣವಾಗುತ್ತದೆ. ನನ್ನ ಸಹೋದ್ಯೋಗಿಗಳೊಬ್ಬರು ನಸುಕಿನಲ್ಲಿ ನಡೆಯತೊಡಗಿದ ಮೇಲೆ ಸಂಜೆ ಪೇಟೆಗೆ ಕೂಡ ಸ್ಕೂಟರಿನಲ್ಲಿಯೇ ಹೋಗುತ್ತಾರೆ. ಆಫ್ರಿಕೆಯ ಹಾಡ್ಜಾ ಬೇಟೆಗಾರರು ನಮಗಿಂತ ಎಷ್ಟೋ ಪಾಲು ಹೆಚ್ಚು ಅಲೆದರೂ, ಮೈಗಾತ್ರಕ್ಕೆ ಹೊಂದಿಸಿ ನೋಡಿದಾಗ ಅವರ ದಿನದ ಒಟ್ಟು ಖರ್ಚು ಪಟ್ಟಣಿಗರಿಗಿಂತ ಹೆಚ್ಚಿಲ್ಲವೆಂದು ೨೦೧೨ರ ಸಂಶೋಧನೆಯೊಂದು ಕಂಡುಕೊಂಡಿತು. ನಡಿಗೆಯಿಂದ ರಕ್ತದೊತ್ತಡಕ್ಕೂ ಸಕ್ಕರೆ ಕಾಯಿಲೆಗೂ ಆಗುವ ಉಪಕಾರ ದೊಡ್ಡದು. ತೂಕ ಇಳಿಯದಿದ್ದರೂ ಅದು ಸಲ್ಲುತ್ತದೆ. ತೂಕವನ್ನು ಇಳಿಸುವುದು ಮುಖ್ಯವಾಗಿ ತಟ್ಟೆ.

ಹಾಗಾದರೆ ಅಂಕಿಯನ್ನು ಎಸೆದುಬಿಡುವುದೇ? ಬೇಡ. ನಿನ್ನೆಯದಕ್ಕೂ ಇಂದಿನದಕ್ಕೂ ಹೋಲಿಸಲು ಅದನ್ನು ಇಟ್ಟುಕೊಳ್ಳಿ. ತಿನ್ನಲು ಅಪ್ಪಣೆಚೀಟಿಯಾಗಿ ಮಾತ್ರ ಬಳಸಬೇಡಿ. ವಾರದಲ್ಲಿ ಮೂರು ಸಲ, ಬೆಳಗಿನ ಶೌಚವಾದ ಮೇಲೆ, ಏನನ್ನೂ ಸೇವಿಸುವ ಮೊದಲು, ಒಂದೇ ತಕ್ಕಡಿಯಲ್ಲಿ ತೂಗಿ ಗೋಡೆಯ ಪಂಚಾಂಗದಲ್ಲಿ ಬರೆಯಿರಿ. ಒಂದು ದಿನದ ಏರಿಳಿತ ಉಪ್ಪು ನೀರಿನದು. ನಾಲ್ಕು ವಾರಗಳ ಸರಾಸರಿಗಳನ್ನು ಹೋಲಿಸಿ. ಇಳಿದಿದ್ದರೆ ನಿಮ್ಮ ಕ್ರಮ ಸರಿ; ಇಳಿಯದಿದ್ದರೆ ಗಡಿಯಾರ ಏನೇ ಹೇಳಲಿ, ಅನ್ನದ ಸೌಟನ್ನೋ ಕಾಯಿತುರಿಯನ್ನೋ ಸ್ವಲ್ಪ ಹಿಡಿಯಿರಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ನೋ ಮಾತ್ರೆಯೋ ತೆಗೆದುಕೊಳ್ಳುವವರು ಮಾತ್ರ ವೈದ್ಯರನ್ನು ಕೇಳದೆ ಊಟ ಕಡಿಮೆ ಮಾಡಬಾರದು, ಬರಿಹೊಟ್ಟೆಯಲ್ಲಿ ದೂರ ನಡೆಯಲೂ ಬಾರದು.

ತೂಕ ಇಳಿದವರು ಲೆಕ್ಕವನ್ನು ಹೊಸದಾಗಿ ಮಾಡತಕ್ಕದ್ದು. ೮೦ ಕಿಲೋ ಇದ್ದಾಗ ಒಂದು ಗಂಟೆಯ ನಡಿಗೆಗೆ ೨೦೦ ಕ್ಯಾಲೊರಿ ಸಲ್ಲುತ್ತಿದ್ದವರಿಗೆ, ೭೦ಕ್ಕೆ ಇಳಿದಾಗ ಅದೇ ದಾರಿ, ಅದೇ ವೇಗಕ್ಕೆ ಸಲ್ಲುವುದು ೧೭೫ ಮಾತ್ರ.