ಕದ್ದ ಕೈ ಕೊಡುವ ಕೈಯಾಗಬೇಕು

ಬೈಬಲಿನ ದಶಾಜ್ಞೆಗಳಲ್ಲಿ ಕದಿಯಬಾರದೆಂಬ ಆಜ್ಞೆ ಅತಿ ಚಿಕ್ಕವುಗಳಲ್ಲಿ ಒಂದು. ಮೂಲ ಹೀಬ್ರೂ ಭಾಷೆಯಲ್ಲಿ ಅದು ಎರಡೇ ಪದ. ಸೀನಾಯಿ ಬೆಟ್ಟದಲ್ಲಿ ಇಸ್ರಾಯೇಲ್ಯರಿಗೆ ದೊರೆತದ್ದೆಂದು ವಿಮೋಚನಕಾಂಡ ಹೇಳುವ ಈ ಆಜ್ಞೆಯನ್ನು ಪ್ರಾಟೆಸ್ಟಂಟರಲ್ಲಿ ಹೆಚ್ಚಿನವರು ಎಂಟನೆಯದೆಂದು ಎಣಿಸುತ್ತಾರೆ. ಕಥೋಲಿಕರಿಗೂ ಲೂಥರನ್ನರಿಗೂ ಅದು ಏಳನೆಯದು. ಎಣಿಕೆ ಬೇರೆಯಾದರೂ ಆಜ್ಞೆ ಒಂದೇ.

‘ನಾವು ಯಾರ ಮನೆಗೂ ಕನ್ನ ಹಾಕಿಲ್ಲ, ಯಾರ ಜೇಬಿಗೂ ಕೈ ಹಾಕಿಲ್ಲ, ಹಾಗಾಗಿ ಈ ಆಜ್ಞೆ ನಮಗೆ ಹೇಳಿದ್ದಲ್ಲ’ ಎಂದು ಅನೇಕರು ನೆಮ್ಮದಿಯಿಂದಿರುತ್ತಾರೆ. ಆದರೆ ಬೈಬಲನ್ನು ಮುಂದೆ ಓದುತ್ತ ಹೋದರೆ ಅಷ್ಟು ಸುಲಭವಾಗಿ ಪಾರಾಗುವಂತಿಲ್ಲ.

ಮೊದಲು ಒಡೆಯನಿಗೆ, ಆಮೇಲೆ ದೇವರಿಗೆ

ಪ್ರಾಚೀನ ಬಾಬಿಲೋನಿನ ಹಮ್ಮುರಾಬಿಯ ಕಾನೂನಿನಲ್ಲಿ, ಕದ್ದದ್ದಕ್ಕೆ ಬದಲು ತೆರಲಾಗದ ಕಳ್ಳನಿಗೆ ಮರಣದಂಡನೆಯಿತ್ತು. ಮೋಶೆಯ ಧರ್ಮಶಾಸ್ತ್ರದ ದಾರಿ ಬೇರೆ. ಕದ್ದ ಪ್ರಾಣಿ ಜೀವಂತವಾಗಿ ಸಿಕ್ಕಿದರೆ ಎರಡರಷ್ಟು ಕೊಡಬೇಕು. ಕೊಂದಿದ್ದರೆ ಅಥವಾ ಮಾರಿದ್ದರೆ ಕುರಿಗೆ ನಾಲ್ಕು ಕುರಿ, ಎತ್ತಿಗೆ ಐದು ಎತ್ತು. ತೆರಲು ಏನೂ ಇಲ್ಲದವನು ತನ್ನನ್ನೇ ಮಾರಿಕೊಂಡು ದುಡಿದು ತೀರಿಸಬೇಕಾಗಿತ್ತು. ಆದರೆ ಅವನ ಪ್ರಾಣ ಉಳಿಯುತ್ತಿತ್ತು. ಎತ್ತಿಗೇಕೆ ಹೆಚ್ಚು? ಎತ್ತು ಹೋದರೆ ಅದರ ದುಡಿಮೆಯೂ ಹೋಗುತ್ತದೆಂದು ಯೆಹೂದಿ ಗುರುಗಳು ವಿವರಿಸಿದ್ದಾರೆ. ಇದು ನಮ್ಮ ರೈತರಿಗೆ ಹೇಳಿಕೊಡಬೇಕಾದ ಮಾತಲ್ಲ.

ತಾನಾಗಿಯೇ ತಪ್ಪೊಪ್ಪಿಕೊಂಡವನಿಗೆ ರಿಯಾಯಿತಿಯಿತ್ತು. ಅವನು ಕದ್ದದ್ದರ ಜೊತೆಗೆ ಐದನೆಯ ಒಂದು ಪಾಲನ್ನು ಸೇರಿಸಿ ಹಿಂದಿರುಗಿಸಬೇಕು. ಯಾಜಕಕಾಂಡದ ಪ್ರಕಾರ ಒಡೆಯನ ಸೊತ್ತು ಒಡೆಯನಿಗೆ ಸೇರಬೇಕು, ದೇವರಿಗೆ ಸಲ್ಲಿಸಬೇಕಾದ ಬಲಿಯನ್ನೂ ಕೊಡಬೇಕು. ಅನ್ಯಾಯದಿಂದ ಗಳಿಸಿದ್ದರಲ್ಲಿ ಒಂದಿಷ್ಟನ್ನು ಕಾಣಿಕೆ ಡಬ್ಬಿಗೆ ಹಾಕಿ ಮನಸ್ಸು ಹಗುರ ಮಾಡಿಕೊಳ್ಳುವವರು ಇದನ್ನು ಗಮನಿಸಬೇಕು.

ಕನ್ನ ಹಾಕದ ಕಳ್ಳತನ

ಕಳವೆಂದರೆ ಯಾವುದು ಎಂಬುದಕ್ಕೂ ಬೈಬಲಿನ ವ್ಯಾಪ್ತಿ ದೊಡ್ಡದು. ಕೂಲಿಯಾಳಿನ ಕೂಲಿಯನ್ನು ಮರುದಿನ ಬೆಳಗಿನವರೆಗೆ ಇಟ್ಟುಕೊಳ್ಳುವಂತಿಲ್ಲ. ತಕ್ಕಡಿಯಲ್ಲಿ, ಅಳತೆಯಲ್ಲಿ ಮೋಸ ಮಾಡುವಂತಿಲ್ಲ. ಪೈರು ಕೊಯ್ಯುವಾಗ ಹೊಲದ ಅಂಚನ್ನು ಬಡವರಿಗೂ ಪರದೇಶಿಗಳಿಗೂ ಬಿಡಬೇಕು, ಹಕ್ಕಲನ್ನು ಆಯ್ದುಕೊಳ್ಳಬಾರದು. ಹಸಿದ ದಾರಿಹೋಕ ನೆರೆಯವನ ದ್ರಾಕ್ಷಿ ತೋಟದಲ್ಲಿ ಹೊಟ್ಟೆ ತುಂಬ ತಿನ್ನಬಹುದು. ಬುಟ್ಟಿಗೆ ಮಾತ್ರ ತುಂಬಿಕೊಳ್ಳಬಾರದು. ಹಸಿವಿಗೂ ದುರಾಸೆಗೂ ನಡುವೆ ಎಷ್ಟು ಸ್ಪಷ್ಟವಾದ ಗೆರೆ!

ಕಥೋಲಿಕ ಧರ್ಮಸಭೆ 1992ರಲ್ಲಿ ಹೊರತಂದ ಧರ್ಮೋಪದೇಶ ಗ್ರಂಥ ಈ ಪಟ್ಟಿಯನ್ನು ಇಂದಿನ ಬದುಕಿಗೆ ತಂದಿದೆ. ಸಾಲ ತಂದ ವಸ್ತುವನ್ನು ಅಥವಾ ಸಿಕ್ಕ ವಸ್ತುವನ್ನು ಬೇಕೆಂದೇ ಇಟ್ಟುಕೊಳ್ಳುವುದು, ವ್ಯಾಪಾರದಲ್ಲಿ ವಂಚನೆ, ಅನ್ಯಾಯದ ಸಂಬಳ, ತೆರಿಗೆ ತಪ್ಪಿಸುವುದು, ಸುಳ್ಳು ರಸೀದಿ, ಅರೆಮನಸ್ಸಿನಿಂದ ಮಾಡಿದ ಕೆಲಸ, ದುಂದುವೆಚ್ಚ ಎಲ್ಲವೂ ಇದೇ ಆಜ್ಞೆಯ ಕೆಳಗೆ ಬರುತ್ತವೆ. ಅರ್ಧ ಟಿಕೇಟಿಗಾಗಿ ಮಗುವಿನ ವಯಸ್ಸನ್ನು ಕಡಿಮೆ ಹೇಳುವ ತಂದೆಯೂ, ಮನೆಗೆಲಸದವಳ ಸಂಬಳವನ್ನು ‘ನಾಳೆ ಬಾ’ ಎಂದು ಮುಂದೂಡುವ ತಾಯಿಯೂ ಈ ಪಟ್ಟಿಯನ್ನೊಮ್ಮೆ ನೋಡಬಹುದು. ಮಗು ಪಕ್ಕದಲ್ಲೇ ನಿಂತು ಎಲ್ಲವನ್ನೂ ಕಲಿಯುತ್ತಿರುತ್ತದೆ.

ಗೆಳೆಯರ ಜೊತೆಗಿನ ಕಳವು

ವಿದ್ಯಾರ್ಥಿಗಳು ತಿಳಿಯಬೇಕಾದ ಕಥೆಯೊಂದಿದೆ. ಕ್ರಿ.ಶ. 354ರಲ್ಲಿ ಉತ್ತರ ಆಫ್ರಿಕದಲ್ಲಿ ಹುಟ್ಟಿದ ಸಂತ ಅಗಸ್ಟೀನ ಹದಿನಾರರ ವಯಸ್ಸಿನಲ್ಲಿ ಗೆಳೆಯರೊಂದಿಗೆ ರಾತ್ರಿ ಹೋಗಿ ಪೇರ್ ಹಣ್ಣು ಕದ್ದ. ಹಸಿವಿರಲಿಲ್ಲ, ಅದಕ್ಕಿಂತ ಒಳ್ಳೆಯ ಹಣ್ಣು ಅವನಲ್ಲೇ ಇತ್ತು. ಕದ್ದದ್ದರಲ್ಲಿ ಹೆಚ್ಚಿನದನ್ನು ಹಂದಿಗಳಿಗೆ ಎಸೆದರು. ಒಂಟಿಯಾಗಿದ್ದರೆ ತಾನು ಕದಿಯುತ್ತಲೇ ಇರಲಿಲ್ಲವೆಂದು ಆತ ಬಿಷಪ್ ಆದ ಮೇಲೆ ‘ಕನ್ಫೆಷನ್ಸ್’ ಗ್ರಂಥದಲ್ಲಿ ಬರೆದ.

ಪರೀಕ್ಷೆಯಲ್ಲಿ ನಕಲು ಮಾಡುವವರ ಮಾತೂ ಇದೇ: ‘ಎಲ್ಲರೂ ಮಾಡುತ್ತಾರೆ.’ ಇನ್ನೊಬ್ಬರು ಬರೆದುಕೊಟ್ಟದ್ದನ್ನು, ಈಗಂತೂ ಯಂತ್ರ ಬರೆದುಕೊಟ್ಟದ್ದನ್ನು, ತನ್ನದೆಂದು ಒಪ್ಪಿಸುವವರ ಸಮಾಧಾನವೂ ಅದೇ. ಆದರೆ ಇಲ್ಲಿ ಕಳೆದುಕೊಳ್ಳುವವರು ಯಾರು? 2016ರಲ್ಲಿ ಕರ್ನಾಟಕದ ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ಪ್ರಶ್ನೆಪತ್ರಿಕೆ ಎರಡು ಸಲ ಸೋರಿಕೆಯಾಯಿತು. ಮಾರ್ಚ್‌ನಲ್ಲೇ ಮುಗಿಯಬೇಕಿದ್ದ ಪರೀಕ್ಷೆಗಾಗಿ ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳು ಏಪ್ರಿಲ್‌ವರೆಗೆ ಕಾದರು. ಆ ಮಕ್ಕಳ ನಿದ್ದೆಯನ್ನೂ ನೆಮ್ಮದಿಯನ್ನೂ ನಾಲ್ಕು ಪಟ್ಟು ಮಾಡಿ ಹಿಂದಿರುಗಿಸುವುದು ಹೇಗೆ? ಹಣವನ್ನಾದರೆ ಮರಳಿಸಬಹುದು; ಕದ್ದ ಅಂಕದಿಂದ ಇನ್ನೊಬ್ಬನ ಸೀಟು ಹೋದರೆ ಅದನ್ನು ಮರಳಿಸುವ ದಾರಿಯೇ ಇಲ್ಲ.

ಮನೆಯಲ್ಲಿ ಏನು ಮಾಡಬೇಕು?

ಮಗು ಸಹಪಾಠಿಯ ಪೆನ್ನನ್ನು ತಂದಿತೆನ್ನಿ. ಕೆಲವರು ಬಾಸುಂಡೆ ಬರುವಂತೆ ಹೊಡೆಯುತ್ತಾರೆ. ಕೆಲವರು ಮರ್ಯಾದೆಗೆ ಅಂಜಿ ಮುಚ್ಚಿಡುತ್ತಾರೆ. ಎರಡರಲ್ಲೂ ಪೆನ್ನು ಒಡೆಯನಿಗೆ ಸೇರುವುದಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತದೆ ನಮ್ಮ ಗಾದೆ. ಬೈಬಲ್ ಇದಕ್ಕೆ ಒಂದು ಭರವಸೆಯನ್ನು ಸೇರಿಸುತ್ತದೆ: ಹಿಂದಿರುಗಿಸಿದವನಿಗೆ ಮರಳುವ ದಾರಿಯಿದೆ. ಆದ್ದರಿಂದ ಮಗುವಿನ ಜೊತೆಗೆ ಹೋಗಿ, ಅದರ ಕೈಯಿಂದಲೇ ಪೆನ್ನನ್ನು ಕೊಡಿಸಿ, ಅದರ ಬಾಯಿಂದಲೇ ‘ತಪ್ಪಾಯಿತು’ ಎನ್ನಿಸುವುದೇ ಸರಿಯಾದ ಶಿಕ್ಷಣ.

ಲೂಕನ ಸುವಾರ್ತೆಯ ಜಕ್ಕಾಯ ಯೆರಿಕೋ ಊರಿನ ಶ್ರೀಮಂತ, ಸುಂಕದವರ ಮುಖ್ಯಸ್ಥ. ಜನರ ಗುಂಪಿನಾಚೆ ಯೇಸುವನ್ನು ಕಾಣಲು ಮರ ಹತ್ತಿದ ಗಿಡ್ಡ ಮನುಷ್ಯ. ಯೇಸು ಅವನನ್ನು ಜರೆಯಲಿಲ್ಲ. ಅವನ ಮನೆಗೇ ಅತಿಥಿಯಾಗಿ ಹೋದ. ಆಗ ಜಕ್ಕಾಯ ತನ್ನ ಆಸ್ತಿಯ ಅರ್ಧವನ್ನು ಬಡವರಿಗೂ, ಮೋಸದಿಂದ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟನ್ನು ಅದರ ಒಡೆಯರಿಗೂ ಕೊಡುವುದಾಗಿ ಹೇಳಿದ. ಐದನೆಯ ಒಂದು ಪಾಲು ಸೇರಿಸಿದರೆ ಸಾಕೆನ್ನುವ ಲೆಕ್ಕವನ್ನು ಅವನು ಹಿಡಿಯಲಿಲ್ಲ.

ಪೌಲನೂ ಎಫೆಸದವರಿಗೆ ಬರೆದ ಪತ್ರದಲ್ಲಿ ಇದನ್ನೇ ಹೇಳುತ್ತಾನೆ. ಕಳ್ಳ ಕದಿಯುವುದನ್ನು ಬಿಟ್ಟರಷ್ಟೇ ಸಾಲದು. ಕೈಯಾರೆ ದುಡಿದು, ಇಲ್ಲದವರಿಗೆ ಕೊಡುವಂತಾಗಬೇಕು. ಏನನ್ನೂ ಕದ್ದಿಲ್ಲವೆಂಬ ಹೆಮ್ಮೆಯಿಂದ ಈ ಆಜ್ಞೆ ಪೂರ್ತಿಯಾಗುವುದಿಲ್ಲ. ಇನ್ನೊಬ್ಬರಿಗೆ ಸೇರಬೇಕಾದದ್ದು ನಮ್ಮಲ್ಲಿ ಉಳಿದಿದೆಯೇ ಎಂದು ಪ್ರತಿ ಮನೆಯಲ್ಲೂ ಹಿರಿಯರೇ ಮೊದಲು ನೋಡಿಕೊಳ್ಳಲಿ; ಮಕ್ಕಳು ತಾವಾಗಿಯೇ ಕಲಿಯುತ್ತಾರೆ.