ಇ-ಸಿಗರೇಟು: ಕೆಲಸ ಮಾಡುವ ಬಗೆ, ಕೆಡುವ ಬಗೆ

ಬೆರಳುದ್ದದ ಒಂದು ಸಾಧನ. ನೋಡಲು ಪೆನ್‌ಡ್ರೈವ್‌ನಂತೆಯೋ ದಪ್ಪನೆಯ ಮಾರ್ಕರ್ ಪೆನ್ನಿನಂತೆಯೋ ಇರುತ್ತದೆ. ತುದಿಯನ್ನು ಬಾಯಿಗಿಟ್ಟು ಎಳೆದರೆ ಮಾವು, ಪುದೀನ ಅಥವಾ ಸ್ಟ್ರಾಬೆರಿಯ ವಾಸನೆಯುಳ್ಳ ಬಿಳಿಯ ಮಂಜು ಹೊರಬರುತ್ತದೆ. ಬೆಂಕಿ ಇಲ್ಲ, ಬೂದಿ ಇಲ್ಲ. ಇದೇ ಇ-ಸಿಗರೇಟು, ಬಳಸುವವರ ಮಾತಿನಲ್ಲಿ 'ವೇಪ್'. ಭಾರತದಲ್ಲಿ ಇದರ ಮಾರಾಟ 2019ರಿಂದ ನಿಷಿದ್ಧ. ಆದರೂ ವಿದ್ಯಾರ್ಥಿಗಳ ಚೀಲದಲ್ಲಿ ಇದು ಸಿಗುವುದುಂಟು. ಆಗ "ಇದು ಬರೀ ನೀರಿನ ಆವಿ ಸಾರ್" ಎಂಬ ಉತ್ತರವೂ ಬರುತ್ತದೆ. ನೀವು ಅಧ್ಯಾಪಕರಾಗಿದ್ದರೆ ಈ ಮಾತಿಗೆ ಗದರಿಕೆಗಿಂತ ವಿಜ್ಞಾನವೇ ಒಳ್ಳೆಯ ಉತ್ತರ. ಅದಕ್ಕೆ ಬೇಕಾಗುವುದು ಪ್ರೌಢಶಾಲೆ ಮತ್ತು ಪಿಯುಸಿಯ ಭೌತ, ರಸಾಯನ ಪಾಠಗಳಷ್ಟೆ.

ಒಂದು ಯಂತ್ರವನ್ನು ಅರಿಯಲು ಅದು ಕೆಡುವ ಬಗೆಯನ್ನು ನೋಡುವುದು ಸುಲಭದ ದಾರಿ. ಇ-ಸಿಗರೇಟು ಬಳಸುವವರು ಕೆಲವು 'ತೊಂದರೆ'ಗಳನ್ನು ಮತ್ತೆ ಮತ್ತೆ ಹೇಳುತ್ತಾರೆ: ಸೀದ ರುಚಿ, ಸೋರಿಕೆ, ಎಳೆದರೂ ಚಾಲೂ ಆಗದಿರುವುದು, ಬ್ಯಾಟರಿ ಬಿಸಿಯಾಗುವುದು, ಗಂಟಲಿನ ಕೆರೆತ. ಇವುಗಳನ್ನು ಒಂದೊಂದಾಗಿ ಪರಿಶೀಲಿಸೋಣ.

ಒಳಗೆ ಏನಿದೆ?

ಹೊಗೆಯಿಲ್ಲದ, ತಂಬಾಕಿಲ್ಲದ ಸಿಗರೇಟಿಗೆ ಅಮೆರಿಕದ ಹರ್ಬರ್ಟ್ ಗಿಲ್ಬರ್ಟ್ 1965ರಲ್ಲೇ ಪೇಟೆಂಟ್ ಪಡೆದಿದ್ದ. ಆದರೆ ಅದು ಮಾರುಕಟ್ಟೆಗೆ ಬರಲಿಲ್ಲ. ಈಗಿನ ಇ-ಸಿಗರೇಟಿನ ಮೂಲ ಚೀನಾದ ಔಷಧತಜ್ಞ ಹಾನ್ ಲಿಕ್ 2003ರಲ್ಲಿ ರೂಪಿಸಿದ ಸಾಧನ.

ಇದರಲ್ಲಿ ಮುಖ್ಯವಾಗಿ ನಾಲ್ಕು ಭಾಗಗಳಿವೆ. ಮೊದಲನೆಯದು ಲಿಥಿಯಂ-ಅಯಾನ್ ಬ್ಯಾಟರಿ. ಎರಡನೆಯದು ಗಾಳಿಯ ಎಳೆತವನ್ನು ಗುರುತಿಸುವ ಸಂವೇದಕ. ನೀವು ಎಳೆದಾಗ ಒಳಗಿನ ಒತ್ತಡ ತುಸು ಇಳಿದು ತೆಳುವಾದ ಪೊರೆಯೊಂದು ಬಾಗುತ್ತದೆ, ಅದರ ಧಾರಕತೆ ಬದಲಾಗುತ್ತದೆ, ಮಂಡಲ ಚಾಲೂ ಆಗುತ್ತದೆ. ಮೈಕಿನಲ್ಲಿರುವ ಪೊರೆಯ ತತ್ತ್ವವೇ ಇದು. ಮೂರನೆಯದು ರೋಧ ತಂತಿಯ ಸುರುಳಿ. ನಾಲ್ಕನೆಯದು ಆ ಸುರುಳಿಗೆ ದ್ರವವನ್ನು ತಂದುಕೊಡುವ ಹತ್ತಿಯ ಬತ್ತಿ ಮತ್ತು ದ್ರವ ತುಂಬಿದ ಪುಟ್ಟ ಕೋಶ. ಈ ಕೋಶಕ್ಕೆ 'ಪಾಡ್' ಎನ್ನುತ್ತಾರೆ.

ದ್ರವದ ಬಹುಪಾಲು ಪ್ರೊಪಿಲೀನ್ ಗ್ಲೈಕಾಲ್ ಮತ್ತು ಗ್ಲಿಸರಿನ್. ಮೊದಲನೆಯದರ ಕುದಿಬಿಂದು 188 ಡಿಗ್ರಿ ಸೆಲ್ಸಿಯಸ್, ಎರಡನೆಯದರದು 290 ಡಿಗ್ರಿ. ಜೊತೆಗೆ ನಿಕೊಟಿನ್ ಮತ್ತು ವಾಸನೆಯ ರಾಸಾಯನಿಕಗಳಿರುತ್ತವೆ. ಆದ್ದರಿಂದ ಹೊರಬರುವುದು ನೀರಿನ ಆವಿಯಲ್ಲ. ಬಿಸಿ ತಂತಿಯಿಂದ ಎದ್ದ ಆವಿ ಗಾಳಿಗೆ ತಗಲಿ ತಣಿದು, ಮೈಕ್ರೊಮೀಟರಿಗಿಂತಲೂ ಚಿಕ್ಕದಾದ ಅಸಂಖ್ಯ ಹನಿಗಳಾಗುತ್ತದೆ. ಗಾಳಿಯಲ್ಲಿ ತೇಲುವ ಇಂಥ ಹನಿಗಳ ಸಮೂಹವೇ ಏರೋಸಾಲ್. ಕನ್ನಡಿಯ ಮೇಲೆ ಉಸಿರು ಬಿಟ್ಟರೆ ಮೂಡುವ ಮಸುಕು ಕೆಲವೇ ಕ್ಷಣಗಳಲ್ಲಿ ಆರಿಹೋಗುತ್ತದೆ. ಆದರೆ ಇ-ಸಿಗರೇಟಿನ ಮಂಜು ಗಾಜಿನ ಮೇಲೆ ಅಂಟಂಟಾದ ಲೇಪವನ್ನು ಉಳಿಸುತ್ತದೆ. ಹನಿಗಳು ಅತಿ ಸಣ್ಣವಾದುದರಿಂದ ಶ್ವಾಸಕೋಶದ ಗಾಳಿಗೂಡುಗಳವರೆಗೂ ಇಳಿಯಬಲ್ಲವು.

ಮೊದಲ ತೊಂದರೆ: ಸೀದ ರುಚಿ

ದೀಪದ ಬತ್ತಿಯನ್ನು ನೆನಪಿಸಿಕೊಳ್ಳಿ. ಎಣ್ಣೆ ಲೋಮನಾಳ ಕ್ರಿಯೆಯಿಂದ ಬತ್ತಿಯಲ್ಲಿ ಮೇಲೇರುತ್ತಿರುವ ತನಕ ಉರಿಯುವುದು ಎಣ್ಣೆ. ಎಣ್ಣೆ ತೀರಿದ ಮೇಲೆ ಬತ್ತಿಯೇ ಕರಕಲಾಗುತ್ತದೆ. ಇ-ಸಿಗರೇಟಿನಲ್ಲಿ ಉರಿ ಇಲ್ಲ, ಆದರೆ ನಡೆಯುವುದು ಇಂಥದೇ. ಗ್ಲಿಸರಿನ್ನಿನ ಸ್ನಿಗ್ಧತೆ 20 ಡಿಗ್ರಿ ತಾಪದಲ್ಲಿ ನೀರಿನದಕ್ಕಿಂತ ಸಾವಿರಕ್ಕೂ ಹೆಚ್ಚು ಪಟ್ಟು. ಆದುದರಿಂದ ಗ್ಲಿಸರಿನ್ ಹೆಚ್ಚಾಗಿರುವ ದ್ರವ ಬತ್ತಿಯಲ್ಲಿ ನಿಧಾನವಾಗಿ ಸಾಗುತ್ತದೆ. ಚಳಿಯಲ್ಲಿ ಇನ್ನೂ ನಿಧಾನ. ಬಿಡುವಿಲ್ಲದೆ ದಮ್ಮು ಎಳೆದಾಗ ಆವಿಯಾಗುವ ವೇಗ ಪೂರೈಕೆಯ ವೇಗವನ್ನು ಮೀರುತ್ತದೆ, ಬತ್ತಿ ಒಣಗುತ್ತದೆ.

ಆಗ ತಾಪ ಎಷ್ಟು ಏರಬಹುದು? ಒಂದು ಸರಳ ಲೆಕ್ಕ ಮಾಡೋಣ. ಬ್ಯಾಟರಿಯ ವೋಲ್ಟೇಜ್ 3.7, ಸುರುಳಿಯ ರೋಧ 1.5 ಓಮ್ ಎಂದಿಟ್ಟುಕೊಳ್ಳಿ. ವೋಲ್ಟೇಜಿನ ವರ್ಗವನ್ನು ರೋಧದಿಂದ ಭಾಗಿಸಿದರೆ ಸಾಮರ್ಥ್ಯ ಸುಮಾರು 9 ವ್ಯಾಟ್, ಎಂದರೆ ಸೆಕೆಂಡಿಗೆ 9 ಜೂಲ್ ಉಷ್ಣ. ಸುರುಳಿಯ ತೂಕ 50 ಮಿಲಿಗ್ರಾಂ, ಅದರ ವಿಶಿಷ್ಟೋಷ್ಣ ಗ್ರಾಂಗೆ ಡಿಗ್ರಿಗೆ 0.46 ಜೂಲ್ ಎಂದುಕೊಂಡರೆ, ಒಂದು ಡಿಗ್ರಿ ಏರಿಕೆಗೆ ಬೇಕಾಗುವುದು 0.023 ಜೂಲ್ ಮಾತ್ರ. ಉಷ್ಣದ ನಷ್ಟವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಒಣ ಸುರುಳಿಯ ತಾಪ ಪ್ರತಿ ಸೆಕೆಂಡಿಗೆ ಸುಮಾರು 400 ಡಿಗ್ರಿಯಷ್ಟು ಏರುತ್ತದೆ. ದ್ರವ ಇದ್ದಾಗ ಈ ಉಷ್ಣದ ಬಹುಭಾಗ ಗುಪ್ತೋಷ್ಣವಾಗಿ ಆವಿಯೊಡನೆ ಹೊರಟುಹೋಗುತ್ತದೆ. ತಾಪ ಕುದಿಬಿಂದುವಿನ ಆಸುಪಾಸಿನಲ್ಲೇ ನಿಲ್ಲುತ್ತದೆ. ಒಲೆಯ ಮೇಲಿನ ಪಾತ್ರೆ ನೀರಿರುವ ತನಕ ತಳ ಹಿಡಿಯುವುದಿಲ್ಲ. ನೀರು ಆರಿದ ಕೂಡಲೆ ಸೀಯುತ್ತದೆ. ಇಲ್ಲಿಯೂ ಅದೇ ನಿಯಮ.

ಸೀದ ರುಚಿ ಬರುವುದು ದ್ರವದ ಅಣುಗಳು ಒಡೆಯುವುದರಿಂದ. ಗ್ಲಿಸರಿನ್ನಿನ ಒಂದು ಅಣುವಿನಿಂದ ನೀರಿನ ಎರಡು ಅಣುಗಳು ಕಳಚಿಕೊಂಡರೆ ಅಕ್ರೊಲೀನ್ ಉಳಿಯುತ್ತದೆ. ಇದು ನಿಮಗೆ ಪರಿಚಿತವೇ. ಬಾಣಲೆಯಲ್ಲಿ ಎಣ್ಣೆ ಮಿತಿಮೀರಿ ಕಾದು ಹೊಗೆಯೆದ್ದಾಗ ಕಣ್ಣು, ಗಂಟಲು ಉರಿಯಲು ಮುಖ್ಯ ಕಾರಣಗಳಲ್ಲೊಂದು ಈ ಅಕ್ರೊಲೀನ್. ಇದರ ಜೊತೆಗೆ ಅಸಿಟಾಲ್ಡಿಹೈಡ್ ಮತ್ತು ಫಾರ್ಮಾಲ್ಡಿಹೈಡ್‌ಗಳೂ ಉಂಟಾಗುತ್ತವೆ. ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆ ವರ್ಗೀಕರಿಸಿದೆ.

2015ರಲ್ಲಿ ಅಮೆರಿಕದ ಪೋರ್ಟ್‌ಲೆಂಡ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಒಂದೇ ಸಾಧನವನ್ನು ಎರಡು ವೋಲ್ಟೇಜುಗಳಲ್ಲಿ ಪರೀಕ್ಷಿಸಿದರು. 3.3 ವೋಲ್ಟಿನಲ್ಲಿ ಫಾರ್ಮಾಲ್ಡಿಹೈಡ್ ಬಿಡುಗಡೆ ಮಾಡುವ ಸಂಯುಕ್ತಗಳು ಪತ್ತೆಯಾಗಲಿಲ್ಲ. 5 ವೋಲ್ಟಿನಲ್ಲಿ ಗಣನೀಯವಾಗಿ ಕಂಡುಬಂದವು. ಅಷ್ಟು ಸೀದ ದಮ್ಮನ್ನು ಯಾರೂ ಎಳೆಯಲಾರರು ಎಂದು ಕೆಲವು ತಜ್ಞರು ಈ ಪ್ರಯೋಗವನ್ನು ಟೀಕಿಸಿದರು. ಟೀಕೆಯಲ್ಲಿ ಹುರುಳಿದೆ. ಆದರೆ ಶ್ವಾಸಕೋಶಕ್ಕೆ ಏನು ಹೋಗುತ್ತದೆ ಎಂಬುದನ್ನು ತಂತಿಯ ತಾಪ ನಿರ್ಧರಿಸುತ್ತದೆ ಎಂಬುದರ ಬಗ್ಗೆ ಎರಡೂ ಕಡೆಯವರಿಗೆ ಭಿನ್ನಾಭಿಪ್ರಾಯವಿಲ್ಲ. ಅಗ್ಗದ ಸಾಧನಗಳಲ್ಲಿ ಆ ತಾಪವನ್ನು ಅಳೆಯುವ ಏರ್ಪಾಡು ಇರುವುದಿಲ್ಲ. ನಿಕ್ಕಲ್ ತಂತಿಯ ರೋಧ ಡಿಗ್ರಿಗೆ ಸುಮಾರು ಶೇ. 0.6ರಷ್ಟು ಹೆಚ್ಚುವುದರಿಂದ, ರೋಧವನ್ನು ಅಳೆದು ತಾಪವನ್ನು ಅಂದಾಜು ಮಾಡುವ ದುಬಾರಿ ಸಾಧನಗಳಿವೆ. ನೈಕ್ರೋಮ್‌ನಂಥ ಮಿಶ್ರಲೋಹಗಳ ರೋಧ ತಾಪದೊಡನೆ ಬಹಳ ಕಡಿಮೆ ಬದಲಾಗುವುದರಿಂದ ಈ ಉಪಾಯ ಅಲ್ಲಿ ನಡೆಯುವುದಿಲ್ಲ. ಅಂಥ ಸಾಧನದಲ್ಲಿ ಬಳಸುವವನ ನಾಲಿಗೆಯೇ ಥರ್ಮಾಮೀಟರು. ಗಾಢವಾದ ಹಣ್ಣಿನ ವಾಸನೆ ಬೆರೆತಾಗ ಆ ಥರ್ಮಾಮೀಟರೂ ಮಂಕಾಗಬಹುದು.

ಎರಡನೆಯದು: ಸೋರಿಕೆ, ಗುಳುಗುಳು ಸದ್ದು

ಪಾಡ್‌ನ ಸೂಕ್ಷ್ಮ ರಂಧ್ರಗಳಲ್ಲಿ ದ್ರವವನ್ನು ಹಿಡಿದಿಡುವುದು ಮೇಲ್ಮೈ ಎಳೆತ ಮತ್ತು ಒಳಹೊರಗಿನ ಒತ್ತಡಗಳ ಸಮತೋಲ. ಬಿಸಿಲಲ್ಲಿ ಬಿಟ್ಟರೆ ದ್ರವ ತೆಳುವಾಗುತ್ತದೆ, ಪಾಡ್‌ನೊಳಗಿನ ಗಾಳಿ ಹಿಗ್ಗುತ್ತದೆ. ಎತ್ತರದ ಪ್ರದೇಶಗಳಲ್ಲಿ ಹೊರಗಿನ ಒತ್ತಡ ಕಡಿಮೆಯಾಗುವುದರಿಂದಲೂ ಹೀಗೆಯೇ ಆಗುತ್ತದೆ. ಬಾಯ್ಲನ ನಿಯಮಕ್ಕೆ ಇದು ಒಳ್ಳೆಯ ಉದಾಹರಣೆ. ಹೊರತಳ್ಳಲ್ಪಟ್ಟ ದ್ರವ ಗಾಳಿಯ ಹಾದಿಯಲ್ಲಿ ನಿಂತಾಗ ಗುಳುಗುಳು ಸದ್ದು ಕೇಳಿಸುತ್ತದೆ. ದ್ರವವೇ ಬಾಯಿಗೆ ಬರುವುದೂ ಉಂಟು.

ಬಳಸುವವರು ಇದನ್ನು ಒರೆಸಿ ಮುಂದುವರಿಯುತ್ತಾರೆ. ಆದರೆ ನಿಕೊಟಿನ್ ಚರ್ಮದ ಮೂಲಕವೂ ದೇಹವನ್ನು ಸೇರುತ್ತದೆ. ಹಣ್ಣಿನ ವಾಸನೆಯ ಈ ದ್ರವವನ್ನು ಪುಟ್ಟ ಮಕ್ಕಳು ನುಂಗಿದರೆ ವಾಂತಿ, ನಡುಕ, ಸೆಳವು ಬರಬಹುದು, ಪ್ರಾಣಾಪಾಯವೂ ಆಗಬಹುದು. ಅಂಥ ಸಂದರ್ಭದಲ್ಲಿ ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಚರ್ಮಕ್ಕೆ ತಗಲಿದ್ದರೆ ಸಾಬೂನು ಹಚ್ಚಿ ಚೆನ್ನಾಗಿ ತೊಳೆಯಬೇಕು.

ದ್ರವ ಬಹುಕಾಲ ಸುರುಳಿಯ ಸಂಪರ್ಕದಲ್ಲಿದ್ದರೆ ಇನ್ನೊಂದು ಸಮಸ್ಯೆಯೂ ಇದೆ. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೀಸೆಯ ದ್ರವದಲ್ಲಿದ್ದುದಕ್ಕಿಂತ ಹೆಚ್ಚಿನ ಪ್ರಮಾಣದ ಕ್ರೋಮಿಯಂ, ನಿಕ್ಕಲ್ ಮತ್ತು ಸೀಸ ಏರೋಸಾಲ್‌ನಲ್ಲಿ ಕಂಡುಬಂದವು.

ಮೂರನೆಯದು: ಎಳೆದರೂ ಚಾಲೂ ಆಗದಿರುವುದು

ದ್ರವದ ಹನಿಗಳು ಸಂಪರ್ಕಬಿಂದುಗಳ ಮೇಲೆ ಕುಳಿತರೆ ರೋಧ ಹೆಚ್ಚುತ್ತದೆ. ಸುರುಳಿ ತುಂಡಾಗಿದ್ದರೆ ಮಂಡಲವೇ ಪೂರ್ಣವಾಗುವುದಿಲ್ಲ. ತಂತಿಯ ಎರಡು ತುದಿಗಳು ತಾಗಿದರೆ ಶಾರ್ಟ್ ಸರ್ಕ್ಯೂಟ್. ಸುರಕ್ಷಾ ಮಂಡಲವಿರುವ ಸಾಧನಗಳು ಇಂಥ ವೇಳೆ ದೀಪ ಮಿನುಗಿಸಿ ವಿದ್ಯುತ್ತನ್ನು ತಡೆಹಿಡಿಯುತ್ತವೆ. ಹೆಚ್ಚು ಅಪಾಯಕರವಾದುದು ಇದರ ವಿರುದ್ಧದ ದೋಷ: ಸಂವೇದಕ ಒದ್ದೆಯಾಗಿ, ಯಾರೂ ಎಳೆಯದಿದ್ದರೂ ಸುರುಳಿ ತಾನಾಗಿ ಕಾಯುವುದು. ಕಿಸೆಯಲ್ಲಿರುವಾಗ ಹೀಗಾದರೆ ಬಟ್ಟೆ, ಮೈ ಸುಡಬಹುದು.

ನಾಲ್ಕನೆಯದು: ಬ್ಯಾಟರಿ ಬಿಸಿಯಾಗುವುದು

ಲಿಥಿಯಂ-ಅಯಾನ್ ಕೋಶದಲ್ಲಿ ಧನ, ಋಣ ವಿದ್ಯುದ್ವಾರಗಳ ನಡುವೆ ಕಾಗದಕ್ಕಿಂತ ತೆಳುವಾದ ಪ್ಲಾಸ್ಟಿಕ್ ಪೊರೆ ಇರುತ್ತದೆ. ಸುತ್ತಲಿನ ವಿದ್ಯುದ್ವಿಭಾಜ್ಯ ದ್ರವ ದಹನಶೀಲ. ಪೆಟ್ಟು ಬಿದ್ದರೆ, ಮಿತಿಮೀರಿ ಚಾರ್ಜ್ ಆದರೆ ಅಥವಾ ಹೊಂದದ ಚಾರ್ಜರ್ ಬಳಸಿದರೆ ಕೋಶ ಬಿಸಿಯಾಗುತ್ತದೆ. ಪಾಲಿಎಥಿಲೀನ್ ಪೊರೆ ಸುಮಾರು 130 ಡಿಗ್ರಿಯಲ್ಲಿ ಕರಗುತ್ತದೆ. ವಿದ್ಯುದ್ವಾರಗಳು ತಾಗಿದರೆ ಉಷ್ಣದಿಂದ ರಾಸಾಯನಿಕ ಕ್ರಿಯೆ, ಕ್ರಿಯೆಯಿಂದ ಇನ್ನಷ್ಟು ಉಷ್ಣ, ಹೀಗೆ ಸರಪಳಿ ಬೆಳೆದು ಕೋಶ ಸಿಡಿಯಬಹುದು. ಮೊಬೈಲಿನಲ್ಲೂ ಇದೇ ಬಗೆಯ ಬ್ಯಾಟರಿ ಇದೆ ನಿಜ. ಆದರೆ ಮೊಬೈಲನ್ನು ಯಾರೂ ಹಲ್ಲುಗಳ ನಡುವೆ ಹಿಡಿದು ಬಳಸುವುದಿಲ್ಲ.

ವಶಪಡಿಸಿಕೊಂಡ ಸಾಧನಗಳನ್ನು ಶಾಲೆಯ ಬೀರುವಿನಲ್ಲಿ ಕಾಗದಪತ್ರಗಳೊಡನೆ ಇಡಬೇಡಿ. ಊದಿಕೊಂಡ ಅಥವಾ ಬಿಸಿಯಾದ ಸಾಧನವನ್ನು ಚುಚ್ಚಬಾರದು, ಬಿಚ್ಚಬಾರದು, ಚಾರ್ಜಿಗೆ ಹಾಕಬಾರದು. ಮರಳಿನ ಮೇಲೆ, ಉರಿಯುವ ವಸ್ತುಗಳಿಂದ ದೂರವಾಗಿ ಇಡಬೇಕು. ಮುಂದಿನ ಕ್ರಮ ಅಧಿಕಾರಿಗಳ ಮೂಲಕವೇ ಆಗಲಿ. ಇದರಲ್ಲಿ ವಿಷವೂ ಇದೆ, ಬ್ಯಾಟರಿಯೂ ಇದೆ. ಆದ್ದರಿಂದ ಕಸದ ಬುಟ್ಟಿ ಇದರ ಜಾಗವಲ್ಲ. ಬಳಸಿ ಬಿಸಾಡುವ ವೇಪ್‌ಗಳ ಮಾರಾಟವನ್ನು ಬ್ರಿಟನ್ 2025ರ ಜೂನ್ 1ರಿಂದ ನಿಷೇಧಿಸಲು ಈ ತ್ಯಾಜ್ಯವೂ ಒಂದು ಕಾರಣ.

ಐದನೆಯದು: ಗಂಟಲಿನ ಕೆರೆತ

ಈ ತೊಂದರೆಯನ್ನು ತಯಾರಕರು ಚೆನ್ನಾಗಿಯೇ 'ಸರಿಪಡಿಸಿದ್ದಾರೆ'. ಹೆಚ್ಚು ಯೋಚಿಸಬೇಕಾದುದು ಇದರ ಬಗ್ಗೆಯೇ.

ನಿಕೊಟಿನ್ ಒಂದು ಪ್ರತ್ಯಾಮ್ಲ. ಮುಕ್ತ ರೂಪದಲ್ಲಿ ಅದು ಗಂಟಲನ್ನು ಕೆರೆಯುತ್ತದೆ. ಹೊಸಬನಿಗೆ ಕೆಮ್ಮು ಬರುತ್ತದೆ. ಹೆಚ್ಚು ಎಳೆಯಲು ಆಗುವುದಿಲ್ಲ. ದೇಹವೇ ಹಾಕಿಕೊಂಡ ತಡೆ ಇದು. ಅದಕ್ಕೆ ಬೆಂಜೋಯಿಕ್ ಆಮ್ಲದಂಥ ಆಮ್ಲ ಸೇರಿಸಿದರೆ ನಿಕೊಟಿನ್ ಲವಣವಾಗುತ್ತದೆ, ಕೆರೆತ ಬಹಳ ಕಡಿಮೆಯಾಗುತ್ತದೆ. ಆಗ ಹೆಚ್ಚು ಸಾಂದ್ರತೆಯ ದ್ರವವನ್ನೂ ಸಲೀಸಾಗಿ ಎಳೆಯಬಹುದು. 2015ರಲ್ಲಿ ಅಮೆರಿಕದಲ್ಲಿ ಬಂದ ಪೆನ್‌ಡ್ರೈವ್ ಆಕಾರದ 'ಜೂಲ್' ಈ ವಿಧಾನವನ್ನು ಜನಪ್ರಿಯಗೊಳಿಸಿತು. ಅದರ ಶೇ. 5ರ ದ್ರವದಲ್ಲಿ ಮಿಲಿಲೀಟರಿಗೆ 59 ಮಿಲಿಗ್ರಾಂ ನಿಕೊಟಿನ್ ಇತ್ತು. ಯೂರೋಪಿಯನ್ ಒಕ್ಕೂಟ ವಿಧಿಸಿರುವ ಗರಿಷ್ಠ ಮಿತಿ 20 ಮಿಲಿಗ್ರಾಂ.

ಉಸಿರಿನೊಡನೆ ಹೋದ ನಿಕೊಟಿನ್ ಕೆಲವೇ ಸೆಕೆಂಡುಗಳಲ್ಲಿ ಮಿದುಳನ್ನು ತಲುಪುತ್ತದೆ. ಮಿದುಳು ಸುಮಾರು 25 ವರ್ಷ ವಯಸ್ಸಿನವರೆಗೂ ಬೆಳೆಯುತ್ತಿರುತ್ತದೆ. ಹದಿಹರೆಯದಲ್ಲಿ ಚಟ ಬೇಗ ಅಂಟುತ್ತದೆ; ಗಮನ, ಕಲಿಕೆಗಳ ಮೇಲೂ ಪರಿಣಾಮ ಆಗುತ್ತದೆ. ಸೀದ ರುಚಿ, ಕೆಮ್ಮು, ಕೆರೆತಗಳನ್ನು ಬಳಸುವವನು ಸಾಧನದ ದೋಷಗಳೆಂದು ತಿಳಿಯುತ್ತಾನೆ. ವಾಸ್ತವದಲ್ಲಿ ಅವು ದೇಹದ ಎಚ್ಚರಿಕೆಗಳು. ಅವೆಲ್ಲ ನಿವಾರಣೆಯಾದ, ಯಾವ ತೊಂದರೆಯೂ ಇಲ್ಲದೆ ನಡೆಯುವ ಸಾಧನವೇ ನಿಕೊಟಿನ್ನನ್ನು ಅತ್ಯಂತ ಸಮರ್ಥವಾಗಿ ಮಿದುಳಿಗೆ ಒಯ್ಯುತ್ತದೆ.

ವಿದ್ಯಾರ್ಥಿಗಳು ಕೇಳುವ ಎರಡು ಪ್ರಶ್ನೆಗಳು

"ಸಿಗರೇಟಿಗಿಂತ ಇದು ಮೇಲಲ್ಲವೆ?" ತಂಬಾಕು ಉರಿಯದಿರುವುದರಿಂದ ಟಾರ್ ಮತ್ತು ಕಾರ್ಬನ್ ಮಾನಾಕ್ಸೈಡ್‌ಗಳು ಇದರಲ್ಲಿ ತೀರ ಕಡಿಮೆ. ಈ ಕಾರಣದಿಂದ ಬ್ರಿಟನ್‌ನಲ್ಲಿ ಸಿಗರೇಟು ಬಿಡಲೆತ್ನಿಸುವ ವಯಸ್ಕರಿಗೆ ಇದನ್ನು ಒಂದು ನೆರವಾಗಿ ಸೂಚಿಸುವುದುಂಟು. ಇದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಎಂದೂ ಸಿಗರೇಟು ಸೇದದ ಹದಿನಾರರ ಹುಡುಗನಿಗೆ ಆ ಹೋಲಿಕೆ ಅನ್ವಯಿಸುವುದಿಲ್ಲ. ಅವನು ಬಿಡುತ್ತಿರುವುದು ಸಿಗರೇಟನ್ನಲ್ಲ, ಶುದ್ಧ ಗಾಳಿಯನ್ನು. ಅಲ್ಲದೆ ಕಳ್ಳ ಮಾರಾಟದ ದ್ರವದಲ್ಲಿ ಏನಿದೆ ಎಂದು ಪರೀಕ್ಷಿಸುವವರಿಲ್ಲ. 2019ರಲ್ಲಿ ಅಮೆರಿಕದಲ್ಲಿ ವೇಪ್ ಬಳಸಿದವರಲ್ಲಿ ಶ್ವಾಸಕೋಶದ ತೀವ್ರ ಹಾನಿ ಕಾಣಿಸಿಕೊಂಡು, 2020ರ ಫೆಬ್ರವರಿಯ ವೇಳೆಗೆ 2,807 ಪ್ರಕರಣಗಳು, 68 ಸಾವುಗಳು ದಾಖಲಾದವು. ಮುಖ್ಯ ಕಾರಣವಾಗಿ ಕಂಡುಬಂದದ್ದು, ಗಾಂಜಾದ ಸಾರವಿದ್ದ ದ್ರವಗಳಿಗೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್. ನುಂಗಿದರೆ ಸಾಮಾನ್ಯವಾಗಿ ತೊಂದರೆ ಮಾಡದ ವಸ್ತು ಉಸಿರಿನೊಡನೆ ಹೋದಾಗ ಮಾರಕವಾಗಬಹುದು ಎಂಬುದಕ್ಕೆ ಇದು ನಿದರ್ಶನ.

"ಕಾನೂನು ಏನು ಹೇಳುತ್ತದೆ?" ಕರ್ನಾಟಕ 2016ರ ಜೂನ್‌ನಲ್ಲೇ ಇ-ಸಿಗರೇಟಿನ ಮಾರಾಟವನ್ನು ನಿಷೇಧಿಸಿತ್ತು. ಕೇಂದ್ರ ಸರ್ಕಾರ 2019ರ ಸೆಪ್ಟೆಂಬರ್‌ನಲ್ಲಿ ಸುಗ್ರೀವಾಜ್ಞೆ ಹೊರಡಿಸಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಅದು ಕಾಯಿದೆಯಾಯಿತು. ತಯಾರಿಕೆ, ಆಮದು, ಸಾಗಣೆ, ಮಾರಾಟ, ಜಾಹೀರಾತು ಎಲ್ಲವೂ ಅಪರಾಧ. ಮೊದಲ ಸಲಕ್ಕೆ ಒಂದು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ.

ಚಟ ಅಂಟಿರುವ ವಿದ್ಯಾರ್ಥಿ ಮೊದಲು ಬೇಡುವುದು ನೆರವನ್ನು. ತಂಬಾಕು ತ್ಯಜಿಸಲು ಸಲಹೆ ನೀಡುವ ರಾಷ್ಟ್ರೀಯ ಉಚಿತ ದೂರವಾಣಿ 1800-11-2356.

ಮಾಡಿ ನೋಡಿ

ಇ-ಸಿಗರೇಟನ್ನು ಮುಟ್ಟದೆಯೇ ಅದರ ಮುಖ್ಯ ತತ್ತ್ವವನ್ನು ತರಗತಿಯಲ್ಲಿ ತೋರಿಸಬಹುದು. ಮೂರು ಲೋಟಗಳಲ್ಲಿ ಕ್ರಮವಾಗಿ ನೀರು, ಸಮಪ್ರಮಾಣದ ನೀರು-ಗ್ಲಿಸರಿನ್ ಮಿಶ್ರಣ, ಗ್ಲಿಸರಿನ್ ತೆಗೆದುಕೊಳ್ಳಿ. ಔಷಧದ ಅಂಗಡಿಯಲ್ಲಿ ಗ್ಲಿಸರಿನ್ ಸಿಗುತ್ತದೆ. ಒಂದೇ ಅಳತೆಯ ಸೋಸುಕಾಗದದ ಮೂರು ಪಟ್ಟಿಗಳ ತುದಿ ದ್ರವದಲ್ಲಿ ಮುಳುಗುವಂತೆ ತೂಗುಹಾಕಿ. ದ್ರವ ಏರಿದ ಎತ್ತರವನ್ನು ನಿಮಿಷಕ್ಕೊಮ್ಮೆ ಗುರುತಿಸಿ ನಕ್ಷೆ ಬರೆಯಿರಿ. ಗ್ಲಿಸರಿನ್ ಲೋಟವನ್ನು ಬಿಸಿನೀರಿನ ಬಟ್ಟಲಲ್ಲಿಟ್ಟು ಮತ್ತೆ ಮಾಡಿ ಹೋಲಿಸಿ. ಕೊನೆಗೆ ವಿದ್ಯಾರ್ಥಿಗಳನ್ನೇ ಕೇಳಿ: ಪಟ್ಟಿಯ ಮೇಲ್ತುದಿಯಲ್ಲಿ ಸೆಕೆಂಡಿಗೆ 9 ಜೂಲ್ ಉಷ್ಣ ಕೊಡುವ ತಂತಿ ಇದ್ದರೆ, ದ್ರವ ಅದನ್ನು ತಲುಪುವಷ್ಟರಲ್ಲಿ ಅಲ್ಲಿ ಏನೇನು ಆಗಿರುತ್ತದೆ?