ನಾಯಿಯ ಆಟಿಕೆ ಕಾನೂನಿನಲ್ಲಿ ‘ಆಟಿಕೆ’ಯಲ್ಲ

ವಿಜಯದಶಮಿಯ ಪಂಜಿನ ಕವಾಯತಿಗೆ ಹೆಸರಾದ ಬನ್ನಿಮಂಟಪದಲ್ಲಿ ಕೈಗಾರಿಕಾ ಪ್ರದೇಶವೂ ಇದೆ. ವಿಕ್ರಾಂತ್ ಟಯರಿನ ಕಾಲದಿಂದಲೂ ರಬ್ಬರ್ ಉದ್ಯಮದ ಪರಿಚಯವುಳ್ಳ ಮೈಸೂರಿನ ಸಣ್ಣ ಉದ್ಯಮಿಗಳು ಪರಿಶೀಲಿಸಬಹುದಾದ ಉತ್ಪನ್ನವೊಂದಿದೆ: ಸಾಕುನಾಯಿಗಳು ಅಗಿಯುವ ಆಟಿಕೆ.

ಇದರ ಇತಿಹಾಸದಲ್ಲಿಯೂ ವಾಹನದ ಬಿಡಿಭಾಗವೊಂದಕ್ಕೆ ಸ್ಥಾನವುಂಟು. ಅಮೆರಿಕದ ಕೊಲೊರಾಡೊದ ಜೋ ಮಾರ್ಕಮ್ ಅವರ ನಾಯಿಗೆ ಕಲ್ಲು ಅಗಿಯುವ ಚಟವಿತ್ತು. ಅದು ವೋಕ್ಸ್‌ವ್ಯಾಗನ್ ವ್ಯಾನಿನ ಸಸ್ಪೆನ್ಷನ್ನಿನ ರಬ್ಬರ್ ಭಾಗವನ್ನು ಮೆಚ್ಚಿ ಅಗಿದುದನ್ನು ಕಂಡು ಅವರು ರೂಪಿಸಿದ ಆಟಿಕೆಯಿಂದ 1976ರಲ್ಲಿ ‘ಕಾಂಗ್’ ಸಂಸ್ಥೆ ಹುಟ್ಟಿತು.

ಪ್ರಯೋಜನ ಮತ್ತು ವಿನ್ಯಾಸ

ನಾಯಿಮರಿಯ 28 ಹಾಲುಹಲ್ಲುಗಳು ಉದುರಿ 42 ಶಾಶ್ವತ ಹಲ್ಲುಗಳು ಮೂಡುವವರೆಗೆ, ಅಂದರೆ ಸುಮಾರು ಏಳು ತಿಂಗಳವರೆಗೆ, ಅಗಿಯುವ ಬಯಕೆ ಹೆಚ್ಚು. ಯೋಗ್ಯ ವಸ್ತು ದೊರೆತರೆ ಮನೆಯ ಚಪ್ಪಲಿ, ಪೀಠೋಪಕರಣಗಳು ಉಳಿಯುತ್ತವೆ. ಒಂಟಿಯಾಗಿರುವ ನಾಯಿಯ ಬೇಸರವೂ ಕಳೆಯುತ್ತದೆ.

ಆದರೆ ಅತಿ ಗಟ್ಟಿಯಾದ ವಸ್ತುವಿನಿಂದ ಹಲ್ಲು ಸೀಳುವ ಅಪಾಯವಿದೆ. ಉಗುರಿನಿಂದ ಒತ್ತಿದಾಗ ಸ್ವಲ್ಪವಾದರೂ ತಗ್ಗುವಂತಿರಬೇಕೆಂಬುದು ಸರಳ ಪರೀಕ್ಷೆ. ಆಟಿಕೆ ನುಂಗಲಾಗದಷ್ಟು ದೊಡ್ಡದಿರಬೇಕು. ತುಂಡಾಗಿ ಕಿತ್ತು ಬರಬಾರದು. ಪೊಳ್ಳು ಚೆಂಡಿಗೆ ಒಂದೇ ರಂಧ್ರವಿದ್ದರೆ ಒಳಗೆ ನಿರ್ವಾತವುಂಟಾಗಿ ನಾಲಿಗೆ ಸಿಕ್ಕಿಕೊಳ್ಳಬಹುದು. ಆದುದರಿಂದ ಎರಡನೆಯ ರಂಧ್ರ ಅತ್ಯವಶ್ಯ. ಇದನ್ನು ಮೌಲ್ಡ್ ತಯಾರಿಸುವ ಮೊದಲೇ ನಿರ್ಧರಿಸಬೇಕು.

ಕಾನೂನು ಮತ್ತು ವರ್ಗೀಕರಣ

2021ರ ಜನವರಿ 1ರಿಂದ ಜಾರಿಗೆ ಬಂದ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶವು 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಸಂಬಂಧಿಸಿದ್ದು. ನಾಯಿಯ ಆಟಿಕೆ ಅದರ ವ್ಯಾಪ್ತಿಗೆ ಬಾರದು. ಸುಂಕಪಟ್ಟಿಯ 95ನೆಯ ಅಧ್ಯಾಯದ ಟಿಪ್ಪಣಿಯೂ ಪ್ರಾಣಿಗಳಿಗೆಂದೇ ತಯಾರಾದ ಆಟಿಕೆಗಳನ್ನು 9503ರ ಶೀರ್ಷಿಕೆಯಿಂದ ಹೊರಗಿಟ್ಟಿದೆ. ಅವುಗಳ ವರ್ಗ ನಿರ್ಧಾರವಾಗುವುದು ಕಚ್ಚಾವಸ್ತುವಿನಿಂದ: ವಲ್ಕನೀಕರಿಸಿದ ರಬ್ಬರಿನದಾದರೆ 4016, ಹೆಣೆದ ಹತ್ತಿ ಹಗ್ಗದ್ದಾದರೆ ಸಾಮಾನ್ಯವಾಗಿ 6307. ಜಿಎಸ್‌ಟಿ ವರ್ಗೀಕರಣಕ್ಕೂ ಇದೇ ಸುಂಕಪಟ್ಟಿ ಆಧಾರ. ‘ಆಟಿಕೆ’ ಎಂಬ ಹೆಸರನ್ನೇ ನಂಬಿ ಕಡಿಮೆ ದರದಲ್ಲಿ ಬಿಲ್ ಬರೆದ ಘಟಕಕ್ಕೆ ಕೆಲವು ವರ್ಷಗಳ ತರುವಾಯ ಬಡ್ಡಿಸಹಿತ ಬೇಡಿಕೆ ಬಂದರೆ, ಆ ಮೊತ್ತವನ್ನು ಹಳೆಯ ಗ್ರಾಹಕರಿಂದ ವಸೂಲು ಮಾಡಲಾಗದು. ಅದು ಲಾಭದಿಂದಲೇ ಹೋಗಬೇಕು.

ಕಡ್ಡಾಯ ಗುರುತು ಇಲ್ಲದಿರುವುದು ರಿಯಾಯಿತಿಯೆಂದು ಭಾವಿಸಬಾರದು. ಬಣ್ಣ, ಗಡಸುತನ ಮತ್ತು ಬಾಳಿಕೆಗಳ ಪರೀಕ್ಷೆಯನ್ನು ಉತ್ಪಾದಕರೇ ಮಾಡಿಸಿ, ದಾಖಲೆಗಳನ್ನು ಕಾಪಾಡಬೇಕು. ಸುಂಕಪಟ್ಟಿಯ ಸಂಖ್ಯೆಯನ್ನು ಮೊದಲ ಬಿಲ್ಲಿಗೆ ಮುಂಚೆಯೇ ಖಚಿತಪಡಿಸಿಕೊಳ್ಳಬೇಕು. ಸಂದೇಹವಿದ್ದಲ್ಲಿ ಮುಂಗಡ ತೀರ್ಪು ಪ್ರಾಧಿಕಾರದ ಮೊರೆಹೋಗುವುದು ಲೇಸು.